ತನ್ನ ಪರಾಗ ತನಗೇ ಸಾಕು ಎಂದಾಗ

ಗೆಂದಾಳಿ, ಕಜೆ, ಮಟ್ಟು ಗುಳ್ಳ: ಉಡುಪಿ ಸೀಮೆಯ ಮೂರು ಬೆಳೆಗಳು ಹೇಳುವ ಜೀನೋಮ್ ಕಥೆ

ತೆಂಗಿನ ಸಂಕರ ಸಸಿ ಬೆಳೆಸುವ ನರ್ಸರಿಗಳಲ್ಲಿ ಒಂದು ತಳಿಪರೀಕ್ಷೆಗೆ ಪ್ರಯೋಗಾಲಯ ಬೇಡ, ಕಣ್ಣು ಸಾಕು. ತಾಯಿಮರ ಕಿತ್ತಳೆ ಬಣ್ಣದ ಗಿಡ್ಡ ತೆಂಗು, ನಮ್ಮ ಕಡೆಯವರ ಬಾಯಲ್ಲಿ ಗೆಂದಾಳಿ. ಅದಕ್ಕೆ ಎತ್ತರದ ಮರದ ಪರಾಗ ಹಾಕಿರುತ್ತಾರೆ. ಕಾಯಿ ಮೊಳೆತಾಗ ತೊಟ್ಟಿನಲ್ಲಿ ಕಂದು ಛಾಯೆ ಕಂಡರೆ ಸಸಿ ಸಂಕರದ್ದು, ಉಳಿಯುತ್ತದೆ. ತೊಟ್ಟು ಅಚ್ಚ ಕಿತ್ತಳೆಯಾಗಿದ್ದರೆ ಕಿತ್ತು ಬದಿಗಿಡುತ್ತಾರೆ. ಹೊರಗಿನ ಪರಾಗಕ್ಕೆ ಕಾಯದೆ ಗೆಂದಾಳಿ ತನ್ನದರಿಂದಲೇ ಕಾಯಿ ಕಟ್ಟಿದೆ ಎಂದು ಅದರ ಅರ್ಥ.

ಎತ್ತರದ ತೆಂಗಿನಲ್ಲಿ ಹೀಗಾಗುವುದು ಅಪರೂಪ. ಅದರ ಹೊಂಬಾಳೆಯಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂಗಳು ಸಿದ್ಧವಾಗುವುದು ಆಮೇಲೆ. ಹಾಗಾಗಿ ಪರಾಗ ಬೇರೆ ಮರದಿಂದ ಬರಬೇಕು. ಗಿಡ್ಡ ತಳಿಯಲ್ಲಿ ಎರಡರ ಕಾಲವೂ ಒಂದರ ಮೇಲೊಂದು ಬೀಳುತ್ತದೆ. ಹೂವಿನ ವೇಳಾಪಟ್ಟಿಯಲ್ಲಾದ ಇಷ್ಟು ಬದಲಾವಣೆಯಿಂದ ಒಂದೇ ಜಾತಿಯ ಮರಗಳಲ್ಲಿ ಎರಡು ವಂಶಪದ್ಧತಿಗಳು ಹುಟ್ಟಿದವು. ಇವೆರಡನ್ನೂ ಬೆಸೆದ ಜಗತ್ತಿನ ಮೊದಲ ಸಂಕರ ತೆಂಗು 1932ರಲ್ಲಿ ಬಂದದ್ದು ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ, ಜೆ.ಎಸ್. ಪಟೇಲ್ ಅವರ ಕೈಯಲ್ಲಿ.

ಅರ್ಧ, ಅರ್ಧದ ಅರ್ಧ

ಸ್ವಕೀಯ ಪರಾಗಸ್ಪರ್ಶ ಜೀನೋಮಿಗೆ ಮಾಡುವ ಮೊದಲ ಕೆಲಸ ಬರೀ ಗಣಿತ. ತಂದೆಯ ಕಡೆಯ ಮತ್ತು ತಾಯಿಯ ಕಡೆಯ ವಂಶವಾಹಿ ಪ್ರತಿಗಳು ಬೇರೆಬೇರೆ ಇರುವ ಜಾಗಗಳು ಪ್ರತಿ ಪೀಳಿಗೆಗೂ ಅರ್ಧಕ್ಕಿಳಿಯುತ್ತವೆ. ಆರು ಪೀಳಿಗೆ ಕಳೆದರೆ ಉಳಿಯುವುದು ಅರುವತ್ತನಾಲ್ಕನೇ ಒಂದು ಭಾಗ, ಶೇ. 2ಕ್ಕೂ ಕಡಿಮೆ.

ಎರಡನೆಯ ಪರಿಣಾಮ ಸೂಕ್ಷ್ಮವಾದುದು. ಪರಾಗ, ಅಂಡ ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಎರಡೂ ಒಂದೇ ಆಗಿಬಿಟ್ಟರೆ ಈ ವಿನಿಮಯ ಒಂದೇ ವರ್ಷದ ಎರಡು ಪಂಚಾಂಗಗಳ ಹಾಳೆ ಬದಲಿಸಿದಂತೆ: ಕೆಲಸ ನಡೆಯುತ್ತದೆ, ಹೊಸತೇನೂ ಬರುವುದಿಲ್ಲ. ಒಳ್ಳೆಯ ಗುಣವೊಂದು ಆಯ್ಕೆಯಾದಾಗ ಅದರ ಅಕ್ಕಪಕ್ಕದ ಕೆಟ್ಟ ವಂಶವಾಹಿಗಳೂ ಜೊತೆಗೇ ಸಾಗುತ್ತವೆ, ಬೇರ್ಪಡಿಸುವವರಿಲ್ಲ.

ಹಾಗೆಂದು ಎಲ್ಲವೂ ನಷ್ಟವಲ್ಲ. ಪರಕೀಯ ಪರಾಗಕ್ಕೆ ಒಗ್ಗಿದ ಗಿಡವನ್ನು ಒಮ್ಮೆಲೇ ಸ್ವಕೀಯಕ್ಕೆ ಕಟ್ಟಿದರೆ ಸಂತತಿ ಸೊರಗುತ್ತದೆ. ಡಾರ್ವಿನ್ ವರ್ಷಗಟ್ಟಲೆ ಗಿಡ ಬೆಳೆಸಿ ನೋಡಿ 1876ರಲ್ಲಿ ಇದರ ಮೇಲೊಂದು ಇಡೀ ಪುಸ್ತಕ ಬರೆದ. ಮರೆಯಲ್ಲಿದ್ದ ಅಪ್ರಬಲ ದೋಷಗಳು ಹೊರಬಿದ್ದು ಗಿಡ ಸಾಯುತ್ತದೆ. ಆದರೆ ಸತ್ತ ಗಿಡದೊಂದಿಗೆ ದೋಷವೂ ಹೋಗುತ್ತದೆ. ಮಾರಕ ದೋಷಗಳು ಹೀಗೆ ಜಾಲಿಸಿ ಹೋದರೂ ಸಣ್ಣಪುಟ್ಟವು ಉಳಿದುಕೊಂಡು ನಿಧಾನವಾಗಿ ಜಮೆಯಾಗುತ್ತವೆ.

ಸ್ವಕೀಯದಿಂದ ಜೀನೋಮಿನ ಗಾತ್ರವೂ ಕುಗ್ಗುತ್ತದೆ ಎನ್ನಲು ಮಾತ್ರ ಆತುರ ಸಲ್ಲ. ಸಸ್ಯವಿಜ್ಞಾನಿಗಳ ನೆಚ್ಚಿನ ಅರಬಿಡಾಪ್ಸಿಸ್ ಥಾಲಿಯಾನ ತನ್ನ ಪರಾಗದಿಂದಲೇ ಬೀಜ ಕಟ್ಟುವ ಕಳೆ. ಅದರ ಜೀನೋಮ್ ಸುಮಾರು 13.5 ಕೋಟಿ ಡಿಎನ್‌ಎ ಅಕ್ಷರಗಳದ್ದು. ಬೇರೆ ಗಿಡದ ಪರಾಗ ಬೇಡುವ ಅದರ ಬಂಧು ಲೈರಾಟದ್ದು ಸುಮಾರು 20.7 ಕೋಟಿ. ಆದರೆ ಸ್ವಕೀಯಕ್ಕೆ ಹೊರಳಿದ ಸಸ್ಯಗಳ ಜೀನೋಮ್ ಎಲ್ಲೆಲ್ಲೂ ಹೀಗೆಯೇ ಕುಗ್ಗಿಲ್ಲ.

ಕಜೆಯ ಕೆಂಪು

ಭತ್ತ ಈ ದಾರಿಯಲ್ಲಿ ಬಹುದೂರ ನಡೆದ ಬೆಳೆ. ಅದರ ಕಾಡು ಪೂರ್ವಜ ಬೇರೆ ಗಿಡಗಳ ಪರಾಗಕ್ಕೂ ಸಾಕಷ್ಟು ತೆರೆದುಕೊಂಡಿತ್ತು. ಗದ್ದೆಯ ಭತ್ತದಲ್ಲಿ ಹೊರಗಿನ ಪರಾಗದ ಪಾಲು ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ.

ಕಾರ್ಕಳದ ಕಜೆ ಅಕ್ಕಿಯ ಕೆಂಪು ಕಾಡುಭತ್ತದಿಂದ ಬಂದ ಬಣ್ಣ. ಜಗತ್ತಿನ ಬಹುಪಾಲು ಬಿಳಿ ಅಕ್ಕಿ ಹುಟ್ಟಿದ್ದು ಆರ್‌ಸಿ ಎಂಬ ವಂಶವಾಹಿಯಲ್ಲಿ 14 ಅಕ್ಷರಗಳು ಬಿಟ್ಟುಹೋದದ್ದರಿಂದ. ಬಿಳುಪು ಅಪ್ರಬಲ ಗುಣ. ಪರಕೀಯ ಬೆಳೆಯಾಗಿದ್ದರೆ ಕೆಂಪಿನ ಮರೆಯಲ್ಲಿ ಎಷ್ಟು ಕಾಲವೂ ಅಡಗಿರಬಹುದಿತ್ತು. ಭತ್ತದಲ್ಲಿ ಮರುಪೀಳಿಗೆಯ ಕಾಲುಭಾಗದಲ್ಲೇ ಅದು ಬಯಲಾಗುತ್ತದೆ, ಆರಿಸಿದ ತೆನೆ ಮುಂದೆಯೂ ಬಿಳಿಯನ್ನೇ ಕೊಡುತ್ತದೆ. ಆದರೆ ಜಪೋನಿಕಾ ಭತ್ತದಲ್ಲಿ ಹುಟ್ಟಿದ ಈ ಲೋಪ ಇಂಡಿಕಾಕ್ಕೆ ದಾಟಿದ್ದು ಅಪರೂಪದ ಬೆರಕೆಯಿಂದ. ಸ್ವಕೀಯ ಪರಾಗ ಗುಣವನ್ನು ಭದ್ರಪಡಿಸಿತು, ಊರಿಂದೂರಿಗೆ ಹಂಚಿದ್ದು ಬೆರಕೆ.

ಗುಳ್ಳದ ನಡುದಾರಿ

ಕಾಪು ತಾಲ್ಲೂಕಿನ ಮಟ್ಟು ಗುಳ್ಳ ಎಂಬ ಬದನೆ ಸ್ವಕೀಯ, ಪರಕೀಯ ಪದ್ಧತಿಗಳ ನಡುವೆ ನಿಂತಿದೆ. ವಾದಿರಾಜ ಯತಿಗಳು ಕೊಟ್ಟ ಬೀಜವೆಂಬ ನಂಬಿಕೆ ಅದರ ಬೆನ್ನಿಗಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು. ಬದನೆ ಹೂವಿನ ಪರಾಗಕೋಶ ತುದಿಯ ರಂಧ್ರದಿಂದಷ್ಟೇ ಪುಡಿ ಸುರಿಸುತ್ತದೆ. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ಹಿಡಿದು ಗುಂಯ್‌ಗುಟ್ಟಿದರೆ ಅದು ಚೆನ್ನಾಗಿ ಉದುರುತ್ತದೆ. ಹೆಚ್ಚಿನದು ಅದೇ ಹೂವಿಗೆ ಬೀಳುತ್ತದೆ, ಒಂದಿಷ್ಟು ದುಂಬಿಯ ಮೈಗಂಟಿ ಪಕ್ಕದ ಗದ್ದೆಗೆ ಹೋಗುತ್ತದೆ. ಭಾರತದಲ್ಲಿ ಬದನೆಯ ಬೆರಕೆ ಶೇ. 2ರಿಂದ 48ರವರೆಗೆ ದಾಖಲಾಗಿದೆ.

ಕುಲಾಂತರಿ ಬಿಟಿ ಬದನೆಯ ವಿವಾದದಲ್ಲಿ ಮಟ್ಟುವಿನ ರೈತರಿಗಿದ್ದ ಬೆರಕೆಯ ಆತಂಕಕ್ಕೆ ಆಧಾರ ಇಲ್ಲಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಟಿ ಗುಣ ಸೇರಿಸಲು ಆಯ್ದ ಸ್ಥಳೀಯ ತಳಿಗಳಲ್ಲಿ ಗುಳ್ಳವೂ ಇತ್ತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ತಾಂತ್ರಿಕ ಪ್ರಶ್ನೆ ಮಾತ್ರ ಈಗಲೂ ಉಳಿದಿದೆ: ದುಂಬಿ ಹಾರುವ ದೂರದಲ್ಲಿ ಬೇರೆ ಬದನೆ ಇದ್ದರೆ ಬೀಜದ ಕಾಯಿಯನ್ನು ಕಾಯದೆ ಗುಳ್ಳ ಗುಳ್ಳವಾಗಿ ಉಳಿಯದು.

ವೈವಿಧ್ಯ ಇರುವುದೆಲ್ಲಿ?

ಸ್ವಕೀಯ ಪರಾಗಸ್ಪರ್ಶ ವಿಕಾಸದ ಕುರುಡು ಓಣಿ ಎಂದು ಸಸ್ಯವಿಜ್ಞಾನಿ ಜಿ. ಲೆಡ್ಯಾರ್ಡ್ ಸ್ಟೆಬಿನ್ಸ್ 1957ರಲ್ಲಿ ವಾದಿಸಿದ್ದರು. ಬದನೆ, ಟೊಮೆಟೊಗಳ ಕುಟುಂಬದ ಮೇಲೆ 2010ರಲ್ಲಿ ಬಂದ ಅಧ್ಯಯನ ಆ ಮಾತಿಗೆ ಬಲ ಕೊಟ್ಟಿತು: ತನ್ನ ಪರಾಗವನ್ನು ತಿರಸ್ಕರಿಸುವ ವಂಶಗಳೇ ದೀರ್ಘಕಾಲದಲ್ಲಿ ಹೆಚ್ಚು ಕವಲೊಡೆದಿವೆ.

ರೈತನ ಗಡುವು ಅಷ್ಟು ದೀರ್ಘವಲ್ಲ. ಅವನಿಗೆ ಬೇಕಾದ ತಳಿಶುದ್ಧಿಯನ್ನು ಸ್ವಕೀಯ ಪರಾಗ ಪುಕ್ಕಟೆ ಕೊಡುತ್ತದೆ. ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರು. ಗ್ರೋಬ್ಯಾಗುಗಳಲ್ಲಿ ಒತ್ತೊತ್ತಾಗಿ ಬೆಳೆಸಿಯೂ ಇಷ್ಟು ತಳಿ ಕಾಪಾಡಲು ಆಗುವುದು ಬೆಳೆ ಭತ್ತವಾದ್ದರಿಂದ. ಮೆಕ್ಕೆಜೋಳದಲ್ಲಾಗಿದ್ದರೆ ಕೆಲವೇ ವರ್ಷಗಳಲ್ಲಿ ಎಲ್ಲವೂ ಕಲಸಿಹೋಗುತ್ತಿತ್ತು.

ಆದರೆ ಸ್ವಕೀಯವೆಂಬ ಇದೇ ಕಾರಣಕ್ಕೆ ವೈವಿಧ್ಯ ಕಳೆದುಕೊಳ್ಳುವುದೂ ಸುಲಭ. ಎತ್ತರದ ತೆಂಗಿನ ಒಂದು ತೋಟದಲ್ಲಿ ಮರದಿಂದ ಮರಕ್ಕೆ ಸಾಕಷ್ಟು ವೈವಿಧ್ಯವಿರುತ್ತದೆ. ಭತ್ತದಲ್ಲಿ ವೈವಿಧ್ಯ ಇರುವುದು ತಳಿ ತಳಿಗಳ ನಡುವೆ. ಕೇರಳದ ಮೊಂಕೊಂಬಿನಿಂದ ಬಂದ ಎಂಒ-4 ತಳಿ ಉಡುಪಿ ಜಿಲ್ಲೆಯ ಗದ್ದೆಗಳನ್ನು ವ್ಯಾಪಿಸಿತೆಂದರೆ, ಎಷ್ಟೇ ಎಕರೆಯಾದರೂ ಅಲ್ಲಿರುವುದು ಹೆಚ್ಚುಕಡಿಮೆ ಒಂದೇ ಜೀನೋಮ್. ಅದನ್ನು ಮಣಿಸುವ ರೋಗ ಬಂದರೆ ಪಕ್ಕದ ಗದ್ದೆಯಲ್ಲಿ ಬೇರೆ ಉತ್ತರ ಸಿಗದು. ಆ ಉತ್ತರವನ್ನು ಹಳೆಯ ತಳಿಗಳಲ್ಲಿ ಹುಡುಕಿ, ಬ್ರಹ್ಮಾವರದ ಸಂಶೋಧನಾ ಕೇಂದ್ರದಂಥ ಕಡೆ ಕೈಯಿಂದ ಬೆರಕೆ ಮಾಡಿ ತರಬೇಕು. ಆದ್ದರಿಂದ ಇಂಥ ಬೆಳೆಗಳ ಸಂರಕ್ಷಣೆಯಲ್ಲಿ ಎಕರೆಯ ಲೆಕ್ಕ ಸಾಲದು. ಎಷ್ಟು ತಳಿಗಳ ಬೀಜ ಪ್ರತಿ ವರ್ಷ ಮತ್ತೆ ಮಣ್ಣು ಕಾಣುತ್ತಿದೆ ಎಂಬುದನ್ನೇ ಎಣಿಸಬೇಕು.