ನೀರಲ್ಲಿ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ: ಸೈಲೆನ್ಸರ್, ಹೆಡ್‌ರೆಸ್ಟ್ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಜೋರು ಮಳೆ ಬಂದ ದಿನ ವಾಟ್ಸಾಪ್‌ನಲ್ಲಿ ಎರಡು ಸಲಹೆಗಳು ಮತ್ತೆ ಓಡಾಡಲು ಶುರುವಾಗುತ್ತವೆ. ನಿಂತ ನೀರಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಒತ್ತಿ ಹಿಡಿಯಿರಿ, ಸೈಲೆನ್ಸರ್‌ಗೆ ನೀರು ಹೋಗದಿದ್ದರೆ ಎಂಜಿನ್‌ಗೆ ಏನೂ ಆಗುವುದಿಲ್ಲ ಎಂಬುದು ಒಂದು. ಸೀಟಿನ ಹೆಡ್‌ರೆಸ್ಟನ್ನು ಕಳಚುವಂತೆ ಮಾಡಿರುವುದೇ ಕಾರು ಮುಳುಗಿದಾಗ ಗಾಜು ಒಡೆಯಲಿ ಎಂದು ಎಂಬುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು. ಎರಡನ್ನೂ ನಂಬಿಕೊಂಡು ನೀರಿಗೆ ಇಳಿದರೆ ಕಷ್ಟ.

ಪುಲಿಕೇಶಿನಗರದವರಿಗೆ (ಆಟೋದವರಿಗೆ ಫ್ರೇಜರ್ ಟೌನ್ ಎಂದರೇ ಬೇಗ ಗೊತ್ತಾಗುವುದು) ಇದು ದೂರದ ಮಾತಲ್ಲ. ಕಂಟೋನ್ಮೆಂಟ್ ನಿಲ್ದಾಣದಿಂದ ಬೆಂಗಳೂರು ಪೂರ್ವ ನಿಲ್ದಾಣದ ಕಡೆಗೆ ಹೋಗುವ ರೈಲು ಹಳಿ ಇಲ್ಲೇ ಹಾದುಹೋಗುತ್ತದೆ. ಹಳಿಯ ಕೆಳಗೆ ದಾಟುವ ರಸ್ತೆ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದ್ದರೆ ನೀರು ಮೊದಲು ತುಂಬುವುದು ಅಲ್ಲೇ. ಇನ್ನೂ ಪೂರ್ವಕ್ಕೆ ಹೋದರೆ, 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ, 2025ರ ಮೇ ತಿಂಗಳಲ್ಲಿ ಹೊರಮಾವು ಬಳಿಯ ಸಾಯಿ ಲೇಔಟ್‌ನಲ್ಲಿ ಮನೆ ಮುಂದೆ ನಿಂತಿದ್ದ ಕಾರುಗಳೂ ಮುಳುಗಿದ್ದನ್ನು ನೋಡಿದ್ದೇವೆ.

ನೀರು ಹೋಗುವುದು ಎಲ್ಲಿಂದ?

ಎಂಜಿನ್ ಓಡುತ್ತಿರುವಾಗ ಸೈಲೆನ್ಸರ್‌ನಿಂದ ಹೊಗೆ ಒತ್ತಡದಲ್ಲಿ ಹೊರಗೆ ಬರುತ್ತಿರುತ್ತದೆ, ಹಾಗಾಗಿ ಅಲ್ಲಿಂದ ನೀರು ಒಳಗೆ ನುಗ್ಗುವುದು ಕಷ್ಟ. ಫಾರ್ವರ್ಡ್‌ನಲ್ಲಿರುವ ನಿಜ ಇಷ್ಟೇ. ಆದರೆ ಎಂಜಿನ್‌ಗೆ ಒಂದು ಮೂಗೂ ಇದೆ. ಬಾನೆಟ್ ಒಳಗೆ, ಸಾಮಾನ್ಯವಾಗಿ ಮುಂದಿನ ಗ್ರಿಲ್ ಅಥವಾ ಹೆಡ್‌ಲೈಟ್ ಹಿಂದೆ ಗಾಳಿ ಎಳೆದುಕೊಳ್ಳುವ ಕೊಳವೆ ಇರುತ್ತದೆ. ಅದರ ಬಾಯಿಗೆ ನೀರು ಸಿಕ್ಕರೆ ಎಂಜಿನ್ ನೀರನ್ನೇ ಎಳೆಯುತ್ತದೆ. ಏರ್ ಫಿಲ್ಟರ್ ಧೂಳನ್ನು ತಡೆಯುತ್ತದೆ, ನೀರನ್ನಲ್ಲ.

ಆಕ್ಸಿಲರೇಟರ್ ಒತ್ತಿ ಜೋರಾಗಿ ನುಗ್ಗಿದಾಗ ಆಗುವುದು ಇದೇ. ಕಾರಿನ ಮೂತಿ ಮುಂದೆ ಅಲೆ ಏಳುತ್ತದೆ. ನೀರು ಬಂಪರ್ ಮಟ್ಟದಲ್ಲೇ ಇದ್ದರೂ ಅಲೆ ಬಾನೆಟ್‌ವರೆಗೆ ಹಾರುತ್ತದೆ. ನೀವು ನಿಧಾನವಾಗಿಯೇ ಹೋಗುತ್ತಿದ್ದರೂ ಎದುರಿಂದ ಬಂದ ಬಿಎಂಟಿಸಿ ಬಸ್ಸು ಆ ಅಲೆಯನ್ನು ನಿಮಗೆ ದಾನ ಮಾಡಿ ಹೋಗಬಹುದು! ನೀರು ದಾಟಲೇಬೇಕಾದರೆ ಫಸ್ಟ್ ಗೇರ್‌ನಲ್ಲಿ, ಒಂದೇ ವೇಗದಲ್ಲಿ, ನಿಧಾನವಾಗಿ ಹೋಗಿ.

ಎರಡು ದೊಡ್ಡ ಚಮಚ ನೀರು ಸಾಕು

ಗಾಳಿಯನ್ನು ಅದುಮಿ ಸಣ್ಣದು ಮಾಡಬಹುದು, ನೀರನ್ನು ಆಗುವುದಿಲ್ಲ. ಎಂಜಿನ್ ಹಾಳಾಗುವುದರ ಹಿಂದಿರುವ ವಿಜ್ಞಾನ ಇಷ್ಟೇ. ನಾಲ್ಕು ಸಿಲಿಂಡರ್‌ನ 1200 ಸಿಸಿ ಪೆಟ್ರೋಲ್ ಕಾರು ತಗೊಳ್ಳಿ. ಒಂದು ಸಿಲಿಂಡರ್‌ಗೆ 300 ಸಿಸಿ. ಪಿಸ್ಟನ್ ಗಾಳಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಅದುಮುತ್ತದೆ. ಲೆಕ್ಕ ಹಾಕಿದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ಅಂದರೆ ಅಡುಗೆಮನೆಯ ಎರಡು ದೊಡ್ಡ ಚಮಚ. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್‌ಗೆ ಮೇಲೆ ಹೋಗಲು ಜಾಗವೇ ಇಲ್ಲ. ಆಗ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ ಬ್ಲಾಕನ್ನೇ ಒಡೆಯುತ್ತದೆ. ಡೀಸೆಲ್ ಎಂಜಿನ್ ಇನ್ನೂ ಹೆಚ್ಚು ಅದುಮುವುದರಿಂದ ಅದರಲ್ಲಿ ಉಳಿಯುವ ಜಾಗ ಇನ್ನೂ ಕಮ್ಮಿ.

ನಿಧಾನವಾಗಿ ಹೋಗುತ್ತಿದ್ದಾಗ ನೀರು ಎಳೆದುಕೊಂಡ ಎಂಜಿನ್ ಎಷ್ಟೋ ಸಲ ದೊಡ್ಡ ಪೆಟ್ಟಿಲ್ಲದೆ ನಿಂತುಬಿಡುತ್ತದೆ. ಕೆಡುವುದು ಆಮೇಲೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಗಾಬರಿಯಲ್ಲಿ ನಾವು ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತೇವೆ. ಒಳಗೆ ನೀರಿರುವ ಸಿಲಿಂಡರ್ ಮೇಲೆ ಪಿಸ್ಟನ್ನನ್ನು ಬಲವಂತವಾಗಿ ತಳ್ಳಿದ ಹಾಗೆ. ಆದ್ದರಿಂದ ಆಫ್ ಆದರೆ ಆಫ್. ಗೇರ್‌ಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ ನೀರಿಗೆ ಇಳಿಯುವ ಮೊದಲೇ ಅದರ ಬಟನ್ ಒತ್ತಿ ನಿಲ್ಲಿಸಿ. ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿದರೆ ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೀರು ತೆಗೆಯುತ್ತಾರೆ, ಆಯಿಲ್ ನೋಡುತ್ತಾರೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ಖರ್ಚಿನ ಮಾತೂ ಇದೆ. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ನಿಮ್ಮ ಕಾರಿನ ಪ್ರವಾಹದ ನಷ್ಟಕ್ಕೆ ಏನೂ ಸಿಗದು. ಕಾಂಪ್ರಹೆನ್ಸಿವ್ ಪಾಲಿಸಿ ಪ್ರವಾಹದ ನಷ್ಟ ಕೊಡುತ್ತದೆ, ಆದರೆ ನೀರಲ್ಲಿ ನಿಂತ ಮೇಲೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಅದು ಪ್ರವಾಹದಿಂದ ಆದದ್ದಲ್ಲ, ನೀವು ಮಾಡಿಕೊಂಡದ್ದು ಎಂದು ಕ್ಲೇಮ್ ನಿರಾಕರಿಸುವುದುಂಟು. ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಇರುವುದು ಇದಕ್ಕೇ. ಅದರ ಷರತ್ತುಗಳನ್ನೂ ಓದಿಕೊಳ್ಳಿ. ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಗೊಂಡಿದ್ದರೆ ನೀರಿನಿಂದಾದ ನಷ್ಟ ಯಾರ ತಲೆ ಮೇಲೆ ಎಂದು ಕರಾರಿನಲ್ಲಿ ಹುಡುಕಿ. ಬಾಡಿಗೆ ಕಾರಿನ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಪರಿಚಯದವರ ವೈಟ್ ಬೋರ್ಡ್ ಕಾರನ್ನು ದುಡ್ಡು ಕೊಟ್ಟು ಒಯ್ದಿದ್ದರೆ ಇನ್ಶೂರೆನ್ಸ್ ಕಂಪನಿ ಅದೇ ಕಾರಣಕ್ಕೆ ಕೈ ಎತ್ತಬಹುದು.

ಎಂಜಿನ್ ಹೋಗಲಿ, ಒಳಗಿರುವವರು?

2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಇಳಿದ ಬಾಡಿಗೆ ಕಾರು ಮಧ್ಯದಲ್ಲೇ ಸಿಕ್ಕಿಕೊಂಡಿತು. ಆಂಧ್ರದಿಂದ ಊರು ನೋಡಲು ಬಂದಿದ್ದ ಕುಟುಂಬ ಅದರಲ್ಲಿತ್ತು. 22 ವರ್ಷದ ಯುವತಿಯೊಬ್ಬರು ಸತ್ತರು, ಉಳಿದವರನ್ನು ಹೊರಗೆಳೆದು ಉಳಿಸಲಾಯಿತು. ವಿಧಾನಸೌಧದ ಮಗ್ಗುಲಲ್ಲಿ, ಹಗಲು ಹೊತ್ತಿನಲ್ಲಿ.

ಬಾಗಿಲು ಯಾಕೆ ತೆಗೆಯಲು ಬರುವುದಿಲ್ಲ ಎಂದರೆ, ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ 60 ಸೆಂ.ಮೀ. ನೀರು ಆತುಕೊಂಡರೆ ಅದರ ಮೇಲೆ ಸುಮಾರು 180 ಕಿಲೋ ಭಾರ ಒತ್ತಿದಂತೆ. ಕಾರು ತೇಲಲೂಬಹುದು. ಚಿಕ್ಕ ಕಾರಿನ ತೂಕ 900 ಕಿಲೋ ಆಸುಪಾಸು, ಅದರ ತಳದಿಂದ ಮೇಲೆ ಪ್ರತಿ 10 ಸೆಂ.ಮೀ. ನೀರು ಸುಮಾರು 400 ಕಿಲೋವನ್ನು ಎತ್ತಿ ಹಿಡಿಯುತ್ತದೆ. ನೀವೇ ಲೆಕ್ಕ ಹಾಕಿ. (ಎಲೆಕ್ಟ್ರಿಕ್ ಕಾರಿಗೆ ಗಾಳಿ ಕೊಳವೆಯ ತಾಪತ್ರಯವಿಲ್ಲ, ಆದರೆ ತೇಲುವ ವಿಷಯದಲ್ಲಿ ಅದಕ್ಕೇನೂ ರಿಯಾಯಿತಿ ಇಲ್ಲ.)

ಈಗ ಹೆಡ್‌ರೆಸ್ಟ್. ಅದು ಇರುವುದು ಹಿಂದಿನಿಂದ ಗುದ್ದಿದಾಗ ಕತ್ತು ಉಳುಕದಿರಲಿ ಎಂದು. ಅವರವರ ಎತ್ತರಕ್ಕೆ ಹೊಂದಿಸಲು ಮೇಲೆ ಕೆಳಗೆ ಮಾಡುವಂತೆ, ಕಳಚುವಂತೆ ಮಾಡಿದ್ದಾರೆ. ಅದರ ಕಂಬಿಯ ತುದಿ ಮೊಂಡು. ಗಾಜಿನ ಸಂದಿಗೆ ಸಿಕ್ಕಿಸಿ ಮೀಟಿ ಒಡೆದವರು ಇರಬಹುದು, ಆದರೆ ಎದೆಮಟ್ಟ ನೀರಿನಲ್ಲಿ, ಗಾಬರಿಯಲ್ಲಿ, ಕೆಲವು ಕಾರುಗಳಲ್ಲಿ ಕಳಚಲೇ ಬಾರದ ಹೆಡ್‌ರೆಸ್ಟ್ ಹಿಡಿದು ಹೋರಾಡುವುದು ಬೇರೆ ಮಾತು.

ಅದಕ್ಕಿಂತ ಸುಲಭದ್ದು ಇದೆ. ಕಾರು ನೀರಲ್ಲಿ ನಿಂತ ಕೂಡಲೇ, ಕರೆಂಟ್ ಇರುವಾಗಲೇ ಕಿಟಕಿ ಇಳಿಸಿ. ಬೆಲ್ಟ್ ಬಿಚ್ಚಿ, ಮೊದಲು ಮಕ್ಕಳನ್ನು ಕಳಿಸಿ, ಕಿಟಕಿಯಿಂದಲೇ ಹೊರಬನ್ನಿ. ಫೋನ್ ಮಾಡುವುದು ಆಮೇಲೆ. ಕಿಟಕಿ ಇಳಿಯದಿದ್ದರೆ ಮುಂದಿನ ಗಾಜಿಗೆ ಹೊಡೆಯಬೇಡಿ, ಅದು ನಡುವೆ ಪ್ಲಾಸ್ಟಿಕ್ ಪದರ ಇರುವ ಗಾಜು, ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಚೂಪು ತುದಿಯ ಚಿಕ್ಕ ಸುತ್ತಿಗೆಯೊಂದನ್ನು ಡಿಕ್ಕಿಯಲ್ಲಲ್ಲ, ಡ್ರೈವರ್ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ.