ಕಬ್ಬಿನ ಸೀಮೆಯಲ್ಲಿ ಹಿತ್ತಲ ಕಾಯಿಪಲ್ಲೆ

ನಿಪ್ಪಾಣಿಗೆ ಹೆಸರು ತಂದುಕೊಟ್ಟದ್ದು ಬೀಡಿ ತಂಬಾಕು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿತೀರದಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು. ಈ ಎರಡು ಬೆಳೆಗಳಲ್ಲಿ ಒಂದು ಸಾಮ್ಯವಿದೆ. ಎರಡೂ ಬೆಳೆದವರ ತಾಟಿಗೆ ನೇರವಾಗಿ ಬರುವುದಿಲ್ಲ. ಹತ್ತೆಕರೆ ಕಬ್ಬಿನ ಒಡೆಯನೂ ರಾತ್ರಿಯ ರೊಟ್ಟಿಗೆ ಪಲ್ಯ ಬೇಕೆಂದರೆ ಚೀಲ ಹಿಡಿದು ಸಂತೆಗೆ ಹೋಗಬೇಕು.

ಮೊದಲು ಹೀಗಿರಲಿಲ್ಲ. ಬಿಳಿಜೋಳದ ಹೊಲದಲ್ಲಿ ಅಕ್ಕಡಿಯಾಗಿ ಕುಸುಬೆ, ಕಡಲೆ ಇರುತ್ತಿದ್ದವು. ಎಳೆಯ ಕುಸುಬೆ ಎಲೆಯೂ ಕಡಲೆಯ ಕುಡಿಯೂ ಪಲ್ಯಕ್ಕೆ ಒದಗುತ್ತಿದ್ದವು. ಯಾರೂ ಬಿತ್ತದೆ ಹುಟ್ಟುವ ಹಕ್ಕರಕಿ, ಕಿರಕಸಾಲಿಗಳನ್ನು ಕಳೆ ತೆಗೆಯುವ ಹೆಂಗಸರು ಉಡಿ ತುಂಬ ತರುತ್ತಿದ್ದರು. ನೀರಾವರಿಯ ಜೊತೆಗೆ ಕಬ್ಬು ಹರಡಿತು. ವರ್ಷವಿಡೀ ನಿಲ್ಲುವ ಕಬ್ಬಿನ ನೆರಳಿನಲ್ಲಿ ಅಕ್ಕಡಿಗೆ ಜಾಗ ಉಳಿಯಲಿಲ್ಲ. ಕಳೆನಾಶಕ ಬಂದ ಮೇಲೆ ಪುಕ್ಕಟೆ ಸಿಗುತ್ತಿದ್ದ ಸೊಪ್ಪುಗಳೂ ಅಪರೂಪವಾದವು. ಹೊಲ ಬಿಟ್ಟುಕೊಟ್ಟ ಈ ಕೆಲಸವನ್ನು ಇಂದು ಹಿತ್ತಲು ಮಾಡಬೇಕಾಗಿದೆ.

ಪೇಟೆಯ ಬೆಳೆಯನ್ನೇ ನಂಬಿದ ಸೀಮೆಗೆ ಅದರ ಅಪಾಯ ಹೊಸದಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ತಿನ್ನಲು ಬಾರದ ಬೆಳೆಗೆ ಬೆಲೆ ಕಟ್ಟುವವರು ಬೇರೆಯವರಾದಾಗ ಬೆಳೆಗಾರನ ಕೈ ಎಷ್ಟು ಕಟ್ಟಿಹೋಗುತ್ತದೆ ಎಂಬುದನ್ನು ಆ ಚಳವಳಿ ತೋರಿಸಿತು. ಕಬ್ಬಿನ ಬಿಲ್ಲು ಬರುವುದು ವರ್ಷದ ಕೆಲವು ಕಂತುಗಳಲ್ಲಿ. ಒಲೆಯ ಖರ್ಚಾದರೋ ದಿನಂಪ್ರತಿಯದು. ಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ನುಗ್ಗೆ ಮನೆಯಲ್ಲೇ ಸಿಕ್ಕರೆ ಈ ಚಿಲ್ಲರೆ ಖರ್ಚು ಉಳಿಯುತ್ತದೆ.

ಇನ್ನೊಂದು ಅಪಾಯ ನದಿಯದು. 2005, 2019 ಮತ್ತು 2021ರಲ್ಲಿ ಕೃಷ್ಣೆ ಮತ್ತು ಉಪನದಿಗಳು ಉಕ್ಕಿ ಈ ತಾಲ್ಲೂಕುಗಳ ಹಳ್ಳಿಗಳನ್ನು ಮುತ್ತಿದವು. ಮಳೆಗಾಲದಲ್ಲಿ ಕೃಷ್ಣೆಯ ಕಲ್ಲೋಳ–ಯಡೂರ, ದೂಧಗಂಗೆಯ ಕಾರದಗಾ–ಭೋಜದಂಥ ತಗ್ಗಿನ ಸೇತುವೆಗಳು ಮುಳುಗಿದರೆ ಸಂತೆಯ ದಾರಿಯೇ ಕಡಿಯುತ್ತದೆ. ನೀರು ಹೊಕ್ಕ ಊರಿನಲ್ಲಿ ಹಿತ್ತಲೂ ಉಳಿಯದು, ನಿಜ. ಆದರೆ ನೀರು ಇಳಿದ ಮೇಲೆ, ಬೀಜ ಕಾದಿಟ್ಟ ಮನೆಯಲ್ಲಿ ಮೆಂತೆ, ರಾಜಗಿರಿ 25–30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಅದಕ್ಕಾಗಿಯೇ ಹಿಂದಿನವರು ಸವತಿ, ಕುಂಬಳದ ಬೀಜಗಳನ್ನು ಸಗಣಿಯ ಕುಳ್ಳಿನಲ್ಲಿ ಒತ್ತಿ ಗೋಡೆಗೆ ಬಡಿಯುತ್ತಿದ್ದರು. ಅವರೆ, ಅಲಸಂದಿಯನ್ನು ಬೂದಿಯಲ್ಲಿ ಬೆರೆಸಿ ಗಡಿಗೆಯಲ್ಲಿಡುತ್ತಿದ್ದರು. ಹುಳ ಬೀಳದಂತೆ ಕಾಯಲು ಅದು ಸುಲಭದ ಉಪಾಯ. ಹೈಬ್ರಿಡ್ ತಳಿಯ ಬೀಜ ಹೀಗೆ ಉಳಿಸಿದರೆ ಮರುವರ್ಷ ಅದೇ ಗುಣದ ಬೆಳೆ ಬರುವುದಿಲ್ಲವಾದ್ದರಿಂದ ನಾಟಿ ತಳಿಯನ್ನೇ ಆರಿಸಬೇಕು.

ಮನೆಯಂಗಳದ ಬೆಳೆಯನ್ನು ಸರಕಾರಗಳೂ ಕಷ್ಟಕಾಲದಲ್ಲಿ ನೆನೆದಿವೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ನಿಂತಾಗ, 1942ರಲ್ಲಿ ಭಾರತದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಶುರುವಾಯಿತು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಸುಮಾರು 2 ಕೋಟಿ ಮನೆತೋಟಗಳು ಎದ್ದವೆಂದು ಅಂದಾಜು.

ಆರೋಗ್ಯದ ಲಾಭ ಇನ್ನೂ ದೊಡ್ಡದು. ವಯಸ್ಕರೊಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಹತ್ತಡಿ ಉದ್ದಗಲದ ಮಡಿಯಿಂದ ಅಷ್ಟೂ ಸಿಗದು. ಆದರೆ ಸಂತೆಯಲ್ಲಿ ಬೇಗ ಬಾಡುವ ಸೊಪ್ಪಿನ ಪಾಲನ್ನಾದರೂ ಅದು ಕೊಡಬಲ್ಲದು. ಕೊಯ್ದ ಸೊಪ್ಪಿನಲ್ಲಿ ಸಿ ಜೀವಸತ್ವ ಹೊತ್ತು ಕಳೆದಂತೆ ಕುಂದುತ್ತದೆ. ಕೊಯ್ದ ಕೂಡಲೇ ಒಲೆಗೆ ಹೋಗುವ ಸೊಪ್ಪಿನಲ್ಲಿ ಆ ನಷ್ಟ ಕಡಿಮೆ. ನುಗ್ಗೆಸೊಪ್ಪಿನಲ್ಲಿ ಕಬ್ಬಿಣ, ಸುಣ್ಣದ ಅಂಶ, ಎ ಜೀವಸತ್ವವಾಗುವ ಕ್ಯಾರೋಟಿನ್ ಧಾರಾಳ. ಪಲ್ಯದ ಮೇಲೆ ನಿಂಬೆ ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತಹೀನತೆ ಹೆಂಗಸರನ್ನೂ ಮಕ್ಕಳನ್ನೂ ಕಾಡುತ್ತಿರುವಾಗ ಇದು ಸಣ್ಣ ಮಾತಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನುಗ್ಗೆಗೆ ಒಪ್ಪುವುದಿಲ್ಲ.

ಖರ್ಚಿನ ಮಾತಿಗೆ ಬಂದರೆ, ಬೇಕಾದ ಸಾಮಗ್ರಿ ಇಲ್ಲಿಯೇ ಬಿದ್ದಿದೆ. ಹೊಲದಲ್ಲಿ ಬೆಂಕಿ ಹಚ್ಚುವ ಕಬ್ಬಿನ ರವದಿಯನ್ನು ತಂದು ಗಿಡದ ಬುಡಕ್ಕೆ ಹೊದಿಸಿದರೆ ತೇವ ಆರದು, ಕಳೆ ಏಳದು, ಕೊಳೆತ ಮೇಲೆ ಗೊಬ್ಬರವೂ ಆಗುತ್ತದೆ. ಬಚ್ಚಲ ನೀರನ್ನು ಬಾಳೆ, ನುಗ್ಗೆಗಳಿಗೆ ಹರಿಸಬಹುದು; ಸಾಬೂನು ಬೆರೆತ ನೀರನ್ನು ಕೊತ್ತಂಬರಿ, ಮೆಂತೆಯಂಥ ಸೊಪ್ಪಿನ ಮೇಲೆ ಸುರಿಯಬಾರದು. ಅತಿ ನೀರಾವರಿಯಿಂದ ನೆಲ ಸವಳು–ಜವಳಾಗಿರುವ ನದಿತೀರದ ಊರುಗಳಲ್ಲಿ ಎತ್ತರದ ಮಡಿ ಕಟ್ಟುವುದೋ, ಹಳೆಯ ಡಬ್ಬಿ–ಕುಂಡಗಳಲ್ಲಿ ಗೊಬ್ಬರಮಣ್ಣು ತುಂಬುವುದೋ ಲೇಸು. ಅಥಣಿಯ ಒಣಭಾಗದಲ್ಲಿ ಬೇಸಿಗೆಯ ನೀರೇ ದುಬಾರಿಯಾದ್ದರಿಂದ ನುಗ್ಗೆ, ಕರಿಬೇವಿನಂಥ ಗಟ್ಟಿ ಗಿಡಗಳಿಂದ ಆರಂಭಿಸಬೇಕು.

ತಂಬಾಕು, ಬೀಡಿಯ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ತಂಬಾಕಿನ ಮೊಸಾಯಿಕ್ ನಂಜು ಕೈಯಿಂದಲೇ ಟೊಮೆಟೊ, ಮೆಣಸಿನ ಗಿಡಗಳಿಗೆ ಹತ್ತಿ ಎಲೆಗಳ ಮೇಲೆ ಹಳದಿ ಮಚ್ಚೆ ಮೂಡಿಸುತ್ತದೆ. ಸಾಬೂನಿನಿಂದ ಕೈ ತೊಳೆದೇ ಗಿಡ ಮುಟ್ಟಬೇಕು.

ಹಿತ್ತಲು ಕಬ್ಬಿಗೆ ಬದಲಿಯಲ್ಲ. ಮನೆಯ ಸಾಲವನ್ನು ಅದು ತೀರಿಸದು, ಮಗಳ ಮದುವೆ ಮಾಡದು. ಆದರೆ ಬೆಲೆ ಬಿದ್ದಾಗ, ಬಿಲ್ಲು ತಡವಾದಾಗ, ಸೇತುವೆ ಮುಳುಗಿದಾಗ ರೊಟ್ಟಿಯ ಪಕ್ಕದಲ್ಲಿ ಏನಾದರೂ ಹಸಿರು ಇರುವಂತೆ ನೋಡಿಕೊಳ್ಳುತ್ತದೆ. ಮಿರಗದ ಮಳೆ ಬಿದ್ದ ಮೇಲೆ ನುಗ್ಗೆಯ ಒಂದು ಟೊಂಗೆ ನೆಟ್ಟು, ಪುಂಡಿಯ ಒಂದು ಹಿಡಿ ಬೀಜ ಚೆಲ್ಲಿದರೆ ಆರಂಭಕ್ಕೆ ಅಷ್ಟು ಸಾಕು.