ಕೈಯ ಜೋಮು ಇಳಿಯಲು ಕಾಲ ಬೇಕು

ರೊಟ್ಟಿ ಬಡಿಯುವ ಕೈಗೆ ಜೋಮು ಹಿಡಿದರೆ ನಮ್ಮ ಕಡೆ ಮನೆಯೇ ನಿಂತಂತೆ. ಸುರಪುರದ ತವರಿನಲ್ಲಿ ಕಲಿತ ಜೋಳದ ರೊಟ್ಟಿಯನ್ನು ಶಹಾಪುರಕ್ಕೆ ಸೊಸೆಯಾಗಿ ಬಂದ ಮೇಲೂ ದಿನಾ ಬಡಿಯುತ್ತ ಬಂದವಳು ನಾನು. ಎರಡು ವರ್ಷದ ಹಿಂದೆ ನಡುರಾತ್ರಿ ಬಲಗೈ ಉರಿದು ಎಚ್ಚರವಾಗತೊಡಗಿತು. ಎದ್ದು ಕೈ ಝಾಡಿಸಿದರೆ ಸ್ವಲ್ಪ ಹಗುರ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು; ಕಿರುಬೆರಳು ಮಾತ್ರ ಚೆನ್ನಾಗಿತ್ತು.

"ವಾಯು ಅದ, ಎಣ್ಣಿ ಹಚ್ಕೊ" ಅಂದರು ಅತ್ತೆ. ಹಚ್ಚಿದ್ದೇ ಹಚ್ಚಿದ್ದು, ವರ್ಷ ಕಳೆಯಿತು. ಲೋಟ ಕೈಜಾರಿ ಬೀಳತೊಡಗಿದ ಮೇಲೆಯೇ ಯಾದಗಿರಿಯಲ್ಲಿ ಡಾಕ್ಟರಿಗೆ ತೋರಿಸಿದ್ದು. ಕಲಬುರಗಿಯಲ್ಲಿ ನರದ ಪರೀಕ್ಷೆಯಾಯಿತು. ಬೇನೆಯ ಹೆಸರು ಕಾರ್ಪಲ್ ಟನಲ್.

ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗ ಇದೆಯಂತೆ. ಕೆಳಗೆ ಎಲುಬು, ಮೇಲೆ ಗಟ್ಟಿ ಪಟ್ಟಿ. ಬೆರಳು ಮಡಿಸುವ 9 ಸ್ನಾಯುದಾರಗಳ ಜೊತೆ ಒಂದು ನರವೂ ಅದರೊಳಗೇ ಹಾಯಬೇಕು. ಜಾಗ ಇಕ್ಕಟ್ಟಾದರೆ ನರ ಅದುಮುತ್ತದೆ. ಗಂಡಸರಿಗಿಂತ ನಮಗೇ ಇದು ಹೆಚ್ಚು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಲ್ಲಿ ಇನ್ನೂ ಹೆಚ್ಚು. ಆಪರೇಷನ್ನಿನಲ್ಲಿ ಆ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುತ್ತಾರೆ. ಅದೇ ದಿನ ಮನೆಗೆ ಬಂದೆ.

ರಾತ್ರಿಯ ಉರಿ ವಾರದೊಳಗೇ ಹೋಯಿತು. ಆದರೆ ಬೆರಳ ತುದಿಯ ಜೋಮು ಹಾಗೇ ಉಳಿಯಿತು. "ಕೊಯ್ಸ್ಕೊಂಡು ಏನ್ ಬಂತಕ್ಕಾ, ಬೆರಳು ಹಂಗೇ ಅವಲ್ಲ?" ಎಂದಳು ನೆಗೆಣ್ಣಿ. ಎರಡನೇ ತಿಂಗಳು ಬಿಸಿ ಹಂಚು ಮುಟ್ಟಿದ್ದು, ಗುಳ್ಳೆ ಎದ್ದ ಮೇಲೆಯೇ ನನಗೆ ಗೊತ್ತಾದದ್ದು. ಆ ರಾತ್ರಿ ಅತ್ತುಬಿಟ್ಟೆ.

ಡಾಕ್ಟರು ಸಮಾಧಾನವಾಗಿ ತಿಳಿಸಿದರು. ನರದ ಮೇಲಿನ ಹೊದಿಕೆ ಮಾತ್ರ ನಲುಗಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆಯೇ ಒಣಗಿದ್ದರೆ ಅದು ಹೊಸದಾಗಿ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಒಂದು ಇಂಚು. ಮನೆಗೆ ಬಂದು ಹೊಲಿಗೆಯ ಟೇಪಿನಿಂದ ಅಳೆದೆ: ಮಣಿಕಟ್ಟಿನಿಂದ ನಡುಬೆರಳ ತುದಿಗೆ 7 ಇಂಚು. ಅಂದರೆ ಏಳು ತಿಂಗಳು! ನಾರಾಯಣಪುರದ ಕಾಲುವೆಗೆ ನೀರು ಬಿಟ್ಟ ದಿನವೇ ಕೊನೆಯ ಹೊಲಕ್ಕೆ ಮುಟ್ಟುತ್ತದೆಯೇ? ಇದೂ ಹಾಗೆಯೇ ಅಂದುಕೊಂಡೆ.

ಅಲ್ಲಿಯವರೆಗೆ ಮಾಡಿದ್ದು ಇಷ್ಟು. ಮೊದಲ ದಿನದಿಂದಲೇ ಬೆರಳು ಮಡಿಸಿ ಬಿಚ್ಚಿದೆ. ತುಂಬಿದ ಕೊಡ, ರೊಟ್ಟಿ ಬಡಿಯುವುದು, ಬಟ್ಟೆ ಹಿಂಡುವುದು ಡಾಕ್ಟರು ಹೂಂ ಅನ್ನುವ ತನಕ ಇಲ್ಲ. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಯ್ದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಕಲೆಯನ್ನು ಮೆಲ್ಲಗೆ ತಿಕ್ಕಿದೆ. ಬಿಸಿಯನ್ನು ಯಾವಾಗಲೂ ಎಡಗೈಯಿಂದ ನೋಡಿದೆ. ಮಧ್ಯಾಹ್ನ ಕಣ್ಣು ಮುಚ್ಚಿ ಜೋಳ, ತೊಗರಿಬೇಳೆ, ಮೆಂತ್ಯೆಯನ್ನು ಬೆರಳಿನಿಂದ ಗುರುತಿಸುವ ಆಟ ಆಡಿದೆ. ಬೆರಳಿಗೆ ಮತ್ತೆ ಪಾಠ ಹೇಳಿದಂತೆ.

ನಾಲ್ಕನೇ ತಿಂಗಳು ಇರುವೆ ಹರಿದಂತಾಯಿತು. ಹೆದರಿದರೆ, "ನರ ಬೆಳಿಲಿಕ್ಕತ್ತದ, ಛಲೋ ಲಕ್ಷಣರೀ" ಎಂದರು ಡಾಕ್ಟರು. ಎಂಟನೇ ತಿಂಗಳು ಮೆಂತ್ಯೆ ಕಾಳು ಗುರುತಾಯಿತು. ತೋರುಬೆರಳ ತುದಿ ಇನ್ನೂ ಸ್ವಲ್ಪ ಮಂದ. ತಡಮಾಡಿ ತೋರಿಸಿದ್ದಕ್ಕೆ ಅಷ್ಟು ಉಳಿಯಲೂಬಹುದಂತೆ.

ಅದಕ್ಕೇ ಸೋದರಿಯರೇ, ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಎಣ್ಣೆ ಹಚ್ಚುತ್ತ ವರ್ಷ ಕಳೆಯಬೇಡಿ. ಆರಂಭದಲ್ಲೇ ಹೋದರೆ ರಾತ್ರಿ ಮಣಿಕಟ್ಟಿಗೆ ಕಟ್ಟುವ ಪಟ್ಟಿಯಿಂದಲೇ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಅದು ಬೇರೆಯೇ ಬೇನೆ ಇರಬಹುದು, ಕೂಡಲೇ ತೋರಿಸಿ. ಆಪರೇಷನ್ ಆದ ಮೇಲೆ ಗಾಯ ಕೆಂಪಾಗಿ ಕೀವಾದರೆ, ಜ್ವರ ಬಂದರೆ ಆ ದಿನವೇ ಹೋಗಿ. ಹೆಬ್ಬೆರಳ ಬುಡದ ಮಾಂಸ ಇಳಿಯುತ್ತಿದ್ದರೆ, ಮೂರು ತಿಂಗಳಾದರೂ ಏನೂ ವ್ಯತ್ಯಾಸ ಕಾಣದಿದ್ದರೆ ಮತ್ತೆ ತೋರಿಸಿ. ಉಳಿದಂತೆ, ಯಾರ ಮಾತಿಗೂ ಎದೆಗುಂದದೆ ದಿನಕ್ಕೊಂದು ಮಿಲಿಮೀಟರಿನ ಲೆಕ್ಕ ಇಟ್ಟುಕೊಳ್ಳಿ. ಈಗ ಮನೆಯವರ ಪಾಲಿನ ರೊಟ್ಟಿ ನಾನೇ ಬಡಿಯುತ್ತಿದ್ದೇನೆ.